ಛತ್ರಿ ಸಾರ್ ಸರೋವರಕ್ಕೆ ಹೋದದ್ದು

ಬಸ್ ನಿಲ್ದಾಣದ ಹಿಂಬದಿಯಲ್ಲಿ, ಪಾರ್ಸೆಲ್ ಕೌಂಟರಿಗೆ ಅಂಟಿಕೊಂಡಂತೆ, ಒಂದು ಉದ್ದನೆಯ ಕೋಣೆ ಇದೆ. ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಸಾಮಾನುಗಳೆಲ್ಲ ಕೊನೆಗೆ ಬಂದು ಬೀಳುವುದು ಅಲ್ಲಿಗೇ. ಊಟದ ಡಬ್ಬಿ, ಕನ್ನಡಕ, ಒಂಟಿ ಚಪ್ಪಲಿ, ಹಲ್ಲಿನ ಸೆಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಛತ್ರಿ. ಆದ್ದರಿಂದ ಆ ಕೋಣೆಯ ಅಧಿಪತಿಯನ್ನು ಇಡೀ ನಿಲ್ದಾಣ ಛತ್ರಿ ಸಾರ್ ಎಂದೇ ಕರೆಯುತ್ತಿತ್ತು. ಇದನ್ನು ಕೇಳಿದ ಹೊಸಬರು ಯಾರೋ ಮಹಾ ಕಿಲಾಡಿ ಇರಬೇಕೆಂದು ಮೆಲ್ಲಗೆ ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುವುದುಂಟು. ಅನ್ಯಾಯ. ಆ ಬಿರುದಿಗೆ ಅಷ್ಟು ಅನರ್ಹರಾದ ಇನ್ನೊಬ್ಬ ಮನುಷ್ಯ ಸಿಗುವುದು ಕಷ್ಟ. ಯಾರಿಗೂ ‘ಬೇಡ’ ಎಂದು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ. ಬೇಡವಾದ ಚಹಾವನ್ನೂ ಕೊಟ್ಟವರ ಮನಸ್ಸು ನೋಯಬಾರದೆಂದು ಕುಡಿದುಬಿಡುವವರು.

ಆದ್ದರಿಂದಲೇ ಒಂದು ಸಂಜೆ ಅವರ ಕಂಪ್ಯೂಟರು, ‘ಎಲ್ಲವನ್ನೂ ಹೊಸದಾಗಿ ಮಾಡಿಕೊಡಲೇ?’ ಎಂದು ವಿನಯದಿಂದ ಕೇಳಿದಾಗ ಅವರು ಅಷ್ಟೇ ವಿನಯದಿಂದ ‘ಆಗಲಿ’ ಒತ್ತಿ ಮನೆಗೆ ಹೋದರು.

ಮರುದಿನ ಬಂದು ನೋಡಿದರೆ ಪರದೆಯ ಮೂಲೆಯಲ್ಲಿದ್ದ ಗುಂಡಿ ಮೂಲೆಯಲ್ಲಿರಲಿಲ್ಲ. ಸಭೆಯ ಅಧ್ಯಕ್ಷರ ಹಾಗೆ ನಟ್ಟನಡುವೆ ಬಂದು ಕೂತಿತ್ತು. ಹೆಸರು ಬರೆದಿದ್ದ ಪಟ್ಟಿಗಳೆಲ್ಲ ಹೋಗಿ ಬರೀ ಚಿಟಿಕೆ ಚಿಟಿಕೆ ಚಿತ್ರಗಳು ಉಳಿದಿದ್ದವು. ತೆರೆದ ಕಿಟಕಿಗಳ ಮೂಲೆಗಳೆಲ್ಲ ಹಳೆ ಸಾಬೂನಿನಂತೆ ಸವೆದು ದುಂಡಗಾಗಿದ್ದವು. ಒಂದನ್ನು ಮುಟ್ಟಿದರೆ ಅದು ನಾಚಿ ಪಕ್ಕಕ್ಕೆ ಜಾರುತ್ತಿತ್ತು, ಇನ್ನೊಂದು ಗಾಜಿನಂತೆ ತೆಳ್ಳಗಾಗಿ ತನ್ನ ಹಿಂದಿರುವುದನ್ನು ತೋರಿಸುತ್ತಿತ್ತು. ಆ ಗಾಜಿನ ಹಿಂದೆ, ಎಲ್ಲಕ್ಕಿಂತ ಹಿಂದೆ, ಒಂದು ಸರೋವರ.

ಛತ್ರಿ ಸಾರ್ ಕೈ ತಾನಾಗಿಯೇ ನಿಂತಿತು. ಬೆಳಗಿನ ಮಂಜು ನೀರಿನ ಮೇಲಿಂದ ಇನ್ನೂ ಕರಗಿರಲಿಲ್ಲ. ನೀಲಿ ದೋಣಿಯೊಂದು ಯಾರಿಗಾಗಿಯೂ ಕಾಯದೆ ತೇಲುತ್ತಿತ್ತು. ದಡದಲ್ಲಿ ಎರಡು ಕುರ್ಚಿ, ಎರಡೂ ಖಾಲಿ. ಕೆಳಗೆ ಸಣ್ಣಕ್ಷರದಲ್ಲಿ ‘ಈ ಚಿತ್ರ ನಿಮಗೆ ಇಷ್ಟವಾಯಿತೇ?’ ಎಂದು ಬರೆದಿತ್ತು. ಅಷ್ಟು ವರ್ಷ ಆ ಮೇಜಿನ ಮುಂದೆ ಕೂತಿದ್ದರೂ ‘ಇಷ್ಟವಾಯಿತೇ’ ಎಂದು ಅವರನ್ನು ಯಾರೂ ಕೇಳಿದವರಲ್ಲ. ಪಕ್ಕದಲ್ಲಿದ್ದ ಹೃದಯದ ಗುರುತನ್ನು ಒತ್ತಿದರು. ಹೃದಯ ಕೆಂಪಗಾಯಿತು.

“ಸಾರ್, ಬೂಟು,” ಎಂದಿತು ಕಿಂಡಿಯಾಚೆಯ ಒಂದು ದನಿ. ಒಂದೇ ಕಾಲಿಗೆ ಬೂಟು ಹಾಕಿಕೊಂಡು ನಿಂತಿದ್ದ ಮನುಷ್ಯ. “ಎಡಗಾಲಿಂದು. ಕಂದು ಬಣ್ಣ. ಬಸ್ಸಲ್ಲಿ ಬೂಟು ಬಿಚ್ಚಿ ಸ್ವಲ್ಪ ಮಲಗಿದ್ದೆ.”

“ಕಳೆದುಹೋಗಿದೆ,” ಎಂದರು ಛತ್ರಿ ಸಾರ್, ಪರದೆಯಿಂದ ಕಣ್ಣು ತೆಗೆಯದೆ.

“ಅದು ನಂಗೂ ಗೊತ್ತು ಸಾರ್. ಅದಕ್ಕೇ ಬಂದಿದ್ದು.”

“ಬೂಟಲ್ಲಪ್ಪಾ, ಬೂಟುಗಳನ್ನ ಬರೆದಿಟ್ಟ ಪಟ್ಟಿ. ನಿನ್ನೆ ಇಲ್ಲೇ ಇತ್ತು, ಈ ಮೂಲೆಯಲ್ಲಿ.”

“ಅಂದ್ರೆ ಕಳೆದುಹೋದ ಸಾಮಾನಿನ ಆಫೀಸೇ ಕಳೆದುಹೋಗಿದೆ ಅನ್ನಿ,” ಎಂದು ಆ ಮನುಷ್ಯ ಅಲ್ಲೇ ಬೆಂಚಿನ ಮೇಲೆ ಕೂತ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಒಂದು ಬಗೆಯ ಮರುಕವಿತ್ತು.

ಅದೇ ಹೊತ್ತಿಗೆ ಅಂಟು ಟೇಪು ಕೇಳಲು ಪಾರ್ಸೆಲ್ ಮೇಡಂ ಒಳಗೆ ಬಂದರು. ಈ ಮೇಡಂ ರಜೆ ಸಿಕ್ಕಾಗಲೆಲ್ಲ ಪ್ರವಾಸ ಹೋಗುವವರು. ಅವರ ಮೊಬೈಲಿನಲ್ಲಿ ಎಷ್ಟೋ ಜಲಪಾತಗಳಿದ್ದವು, ಪ್ರತಿಯೊಂದಕ್ಕೂ ಅಡ್ಡಲಾಗಿ ಮೇಡಂ ನಿಂತಿದ್ದರು. ಜಲಪಾತ ನೋಡಬೇಕಾದರೆ ಅವರ ಕಿವಿಯ ಪಕ್ಕದಲ್ಲಿ ಇಣುಕಬೇಕಾಗಿತ್ತು.

“ಅಯ್ಯೋ, ಎಷ್ಟು ಚೆನ್ನಾಗಿದೆ! ಎಲ್ಲಿದು ಸಾರ್?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು. “ನಿಮ್ಮನ್ನ ಕೇಳಿದ್ನಲ್ಲ ನಾನು. ನಿಮಗೆ ಮನೆ ಬಿಟ್ರೆ ಆಫೀಸು, ಆಫೀಸು ಬಿಟ್ರೆ ಮನೆ.”

ಬೂಟಿನವನೂ ಹೌದೆಂದು ತಲೆ ಅಲ್ಲಾಡಿಸಿದ. ಪರಿಚಯವೇ ಇಲ್ಲದವನು! ಅದು ಎಲ್ಲಿ ಚುಚ್ಚಿತೋ ಏನೋ, ಛತ್ರಿ ಸಾರ್ ಬಾಯಿಂದ ಮಾತು ಜಾರಿತು.

“ಹೋಗಿದ್ದೆ. ಒಂದು ಸಲ.”

ಲೋಕದಲ್ಲಿ ದಿನವೂ ಇದಕ್ಕಿಂತ ದೊಡ್ಡ ಸುಳ್ಳುಗಳು ಹುಟ್ಟಿ ಸಂಜೆಯೊಳಗೆ ಸತ್ತೂ ಹೋಗುತ್ತವೆ. ಆದರೆ ಅವೆಲ್ಲ ಅನುಭವಸ್ಥರ ಸುಳ್ಳುಗಳು. ಹೊಸಬರ ಸುಳ್ಳಿಗೆ ಆಯುಸ್ಸು ಜಾಸ್ತಿ.

ಮಧ್ಯಾಹ್ನದೊಳಗೆ ಸುದ್ದಿ ನಿಲ್ದಾಣದ ಎಲ್ಲ ಪ್ಲಾಟ್‌ಫಾರಂಗಳನ್ನೂ ದಾಟಿತ್ತು. ಚಾಲಕರು ಚಹಾ ಲೋಟ ಹಿಡಿದು ಕೋಣೆಗೆ ಬಂದರು. ನಿಲ್ದಾಣದ ಮ್ಯಾನೇಜರೂ ಬಂದರು. ಅವರಿಗೆ ರಕ್ತದ ಒತ್ತಡ. ಎಲ್ಲಾದರೂ ನೀರಿನ ಪಕ್ಕ ಸುಮ್ಮನೆ ಕೂತು ಬನ್ನಿ ಎಂದು ಡಾಕ್ಟರು ಹೇಳಿದ್ದರಂತೆ. ಅವರಿಗೆ ಹತ್ತಿರವಿದ್ದ ನೀರೆಂದರೆ ಬಸ್ಸು ತೊಳೆಯುವ ಕಡೆಯದು. ಅಲ್ಲಿ ಸುಮ್ಮನೆ ಕೂರಲು ಯಾರೂ ಬಿಡುತ್ತಿರಲಿಲ್ಲ.

“ಹೇಗಿರುತ್ತೆ ಅಲ್ಲಿ?” ಎಂದು ಕೇಳಿದರು ಮ್ಯಾನೇಜರು, ಮಗು ಕತೆ ಕೇಳುವ ಹಾಗೆ.

ಛತ್ರಿ ಸಾರ್ ಪರದೆ ನೋಡಿದರು. ಎಲ್ಲಿಂದ ಬಂತೋ ಮಾತು, ತೇಲಿ ತೇಲಿ ಬಂತು. “ಬೆಳಿಗ್ಗೆ ಮಂಜು ಇಳಿದಿರುತ್ತೆ ಸಾರ್. ದಡ ಎಲ್ಲಿ ಮುಗೀತು, ನೀರು ಎಲ್ಲಿ ಶುರುವಾಯ್ತು ಗೊತ್ತಾಗಲ್ಲ. ಅಲೆ ಅನ್ನೋದೇ ಇಲ್ಲ. ನೀರು ಮಲಗಿರೋರ ಎದೆ ಥರ ಸ್ವಲ್ಪ ಏರುತ್ತೆ, ಸ್ವಲ್ಪ ಇಳಿಯುತ್ತೆ. ಮಾತಾಡಿದ್ರೆ ಮಾತು ಆ ಕಡೆ ದಡದವರೆಗೂ ಹೋಗಿ, ನಿಧಾನಕ್ಕೆ ವಾಪಸ್ ಬಂದು, ಪಕ್ಕದಲ್ಲೇ ಕೂತ್ಕೊಳ್ಳುತ್ತೆ.”

ಮ್ಯಾನೇಜರು ಕಣ್ಣು ಮುಚ್ಚಿದರು. ಹೊರಗೆ ಬಸ್ಸುಗಳ ಹಾರ್ನು ದೂರದ ಯಾವುದೋ ಹಕ್ಕಿಯಂತೆ ಕೇಳಿಸಿತು. ಒಬ್ಬ ಚಾಲಕ ತನ್ನ ಬಸ್ಸು ಹೊರಡುವ ಸಮಯ ಮರೆತ. ಬೂಟಿನವನು ಬೆಂಚಿನ ಮೇಲೇ ನಿದ್ದೆಹೋದ.

“ವಿಳಾಸ ಕೊಡಿ,” ಎಂದರು ಮ್ಯಾನೇಜರು ಕಣ್ಣು ಬಿಟ್ಟು.

“ಹೇಳ್ತೀನಿ ಸಾರ್. ದಾರಿ ಸ್ವಲ್ಪ ಮರೆತಂಗಾಗಿದೆ,” ಎಂದರು ಛತ್ರಿ ಸಾರ್. ಇದು ನಿಜಕ್ಕೆ ಬಹಳ ಹತ್ತಿರದ ಮಾತಾಗಿತ್ತು.

ಈ ಪಾರ್ಸೆಲ್ ಮೇಡಂ ಇದ್ದದ್ದು ಛತ್ರಿ ಸಾರ್ ಮನೆಯ ಕೆಳಗಿನ ಮನೆಯಲ್ಲೇ. ಅವರು ಸುದ್ದಿಯನ್ನೂ ಪಾರ್ಸೆಲ್ಲಿನಂತೆಯೇ ಒಡೆಯದೆ, ಸೋರದೆ ಮುಟ್ಟಿಸುವವರು. ಛತ್ರಿ ಸಾರ್ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

“ರೀ, ಸರೋವರಕ್ಕೆ ಹೋಗಿದ್ರಂತೆ?”

“ಯಾರು?”

“ದಡದಲ್ಲಿ ಎರಡು ಕುರ್ಚಿ ಇದ್ವಂತೆ.”

“ಇದ್ವು...”

“ಒಂದ್ರಲ್ಲಿ ನೀವು. ಇನ್ನೊಂದ್ರಲ್ಲಿ?”

ಛತ್ರಿ ಸಾರ್ ಎರಡೂ ಕೈ ಆಡಿಸಿದರು. ನಾನು ಹೋಗೇ ಇಲ್ಲ ಕಣೆ ಎಂದರು. ಹೆಂಡತಿ ಕಣ್ಣು ಕಿರಿದು ಮಾಡಿದಳು. ಅಷ್ಟು ವರ್ಷದ ಸಂಸಾರದಲ್ಲಿ ಅವಳು ಕಂಡುಕೊಂಡ ಒಂದು ಸಂಗತಿಯೆಂದರೆ, ಈ ಮನುಷ್ಯ ಯಾವುದಕ್ಕೂ ‘ಇಲ್ಲ’ ಎಂದದ್ದೇ ಇಲ್ಲ. ಮೊದಲ ಸಲ ಇಲ್ಲ ಎನ್ನುತ್ತಿದ್ದಾರೆಂದರೆ ಏನೋ ಇರಲೇಬೇಕು.

ಅವಳು ತನ್ನ ಅಣ್ಣನಿಗೆ ಫೋನು ಮಾಡಿದಳು.

ಈ ಅಣ್ಣ, ಅಂದರೆ ಛತ್ರಿ ಸಾರ್ ಭಾವ, ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ನಿವೃತ್ತಿ ಕೆಲಸಕ್ಕೆ ಆಗಿತ್ತೇ ಹೊರತು ಕಣ್ಣಿಗೆ ಆಗಿರಲಿಲ್ಲ. ಮನೆಗೆ ಬಂದ ನೆಂಟರನ್ನೂ ಟಿಕೆಟ್ ಇಲ್ಲದೆ ಹತ್ತಿದವರಂತೆ ನೋಡುತ್ತಿದ್ದರು. ಅವರೂ ಛತ್ರಿ ಸಾರ್ ಅವರನ್ನು ಭಾವ ಎಂದೇ ಕರೆಯುತ್ತಿದ್ದರು. ಛತ್ರಿ ಸಾರ್ ಕರೆದಾಗ ಅದು ವಿಶ್ವಾಸದಂತೆಯೂ, ಇವರು ಕರೆದಾಗ ಸಮನ್ಸಿನಂತೆಯೂ ಕೇಳುತ್ತಿತ್ತು.

“ಭಾವ, ಎಲ್ಲಿ ಹತ್ತಿದ್ರಿ, ಎಲ್ಲಿ ಇಳಿದ್ರಿ? ಅಷ್ಟು ಹೇಳಿ ಸಾಕು,” ಎಂದರು ಅವರು, ಬಂದವರೇ.

“ನಾನು ಹತ್ತಲೇ ಇಲ್ಲ ಭಾವ.”

“ಟಿಕೆಟ್ ಇಲ್ಲದೋರೆಲ್ಲ ಮೊದಲು ಹೇಳೋದು ಅದನ್ನೇ. ನಡೀರಿ, ಆ ಮೆಷಿನ್ನು ನೋಡೋಣ.”

ಹೀಗೆ ಮರುದಿನ ಬೆಳಿಗ್ಗೆ ಭಾವ ಮುಂದೆ, ಹೆಂಡತಿ ನಡುವೆ, ಛತ್ರಿ ಸಾರ್ ಹಿಂದೆ ಒಂದು ಸಣ್ಣ ಮೆರವಣಿಗೆ ಆ ಉದ್ದನೆಯ ಕೋಣೆಯನ್ನು ಪ್ರವೇಶಿಸಿತು. ಪಾರ್ಸೆಲ್ ಮೇಡಂ ಟೇಪು ವಾಪಸ್ ಕೊಡುವ ನೆಪದಲ್ಲಿ ಬಂದು ನಿಂತರು. ಮ್ಯಾನೇಜರು ನೆಪವನ್ನೂ ಹುಡುಕಲಿಲ್ಲ, ಸುಮ್ಮನೆ ಬಂದರು.

ಪರದೆಯ ಮೇಲೆ ಸರೋವರವಿರಲಿಲ್ಲ! ಹೊಸದಾದ ಯಂತ್ರಕ್ಕೆ ದಿನಕ್ಕೊಂದು ಚಿತ್ರ ಬದಲಿಸುವ ಶೋಕಿ. ಇವತ್ತು ಮರಳುಗಾಡು. ಕಣ್ಣಿಗೆ ಎಟುಕುವಷ್ಟು ದೂರ ಮರಳು, ಅದರ ಮೇಲೆ ಮೋಡದ ಒಂದು ನೆರಳು.

“ಇಲ್ಲಿಗೂ ಹೋಗಿದ್ರಾ?” ಎಂದಳು ಹೆಂಡತಿ, ಸೋತ ದನಿಯಲ್ಲಿ.

“ಪಾಪ, ಹೇಳಿಕೊಳ್ಳೋ ಸ್ವಭಾವದವರಲ್ಲ,” ಎಂದರು ಪಾರ್ಸೆಲ್ ಮೇಡಂ ಗೌರವದಿಂದ.

ಭಾವ ಮೂಗಿನ ಮೇಲೆ ಕನ್ನಡಕ ಸರಿಪಡಿಸಿಕೊಂಡರು. ಹೊಸ ಯಂತ್ರದೊಡನೆ ಬಾಯಲ್ಲೇ ಮಾತಾಡಬಹುದೆಂದು ಅವರ ಮಗಳು ಹೇಳಿದ್ದಳಂತೆ. ಮೈಕಿನ ಗುರುತು ಹುಡುಕಿ ಒತ್ತಿ, ಬಸ್ಸಿನ ಕೊನೆಯ ಸೀಟಿಗೆ ಕೇಳುವಂತೆ ಕೂಗಿದರು. “ಈ ಮನುಷ್ಯ ಎಲ್ಲೆಲ್ಲಿಗೆ ಹೋಗಿದ್ದಾನೆ, ಹೇಳು!”

ಯಂತ್ರದೊಳಗಿಂದ ಹೆಣ್ಣು ದನಿಯೊಂದು ಜೇನಿನಂತೆ ಇಳಿಯಿತು. “ನಮಸ್ಕಾರ. ನಿಮಗಾಗಿ ಒಂದು ನೆನಪನ್ನು ಜೋಪಾನ ಮಾಡಿಟ್ಟಿದ್ದೇನೆ.”

“ಇವಳ್ಯಾರು?” ಎಂದಳು ಹೆಂಡತಿ.

“ಯಾರೂ ಅಲ್ಲ ಕಣೆ, ಮೆಷಿನ್ನು.”

“ಮೆಷಿನ್ನು ಯಾಕೆ ನಿಮ್ಮ ನೆನಪು ಜೋಪಾನ ಮಾಡ್ಬೇಕು?”

ಅಷ್ಟರಲ್ಲಿ ಪಿಯಾನೋ ಶುರುವಾಯಿತು. ಪರದೆ ನಿಧಾನವಾಗಿ ಕತ್ತಲಾಗಿ, ನಿಧಾನವಾಗಿ ಬೆಳಗಿತು. ‘ನಿಮ್ಮ ಮರೆಯಲಾಗದ ದಿನಗಳು’ ಎಂಬ ಅಕ್ಷರಗಳು ತೇಲಿ ಬಂದವು. ಹೊಸ ಯಂತ್ರದ ಹೆಚ್ಚುಗಾರಿಕೆಯೇ ಇದು. ತನ್ನ ಹೊಟ್ಟೆಯಲ್ಲಿರುವ ಚಿತ್ರಗಳನ್ನೆಲ್ಲ ಪೋಣಿಸಿ, ಸಂಗೀತ ಕೂಡಿಸಿ, ತಾನಾಗಿಯೇ ಒಂದು ಸಿನಿಮಾ ಮಾಡುತ್ತಿತ್ತು. ಛತ್ರಿ ಸಾರ್ ಯಂತ್ರದ ಹೊಟ್ಟೆಯಲ್ಲಿ ಇದ್ದದ್ದಾದರೂ ಏನು? ಹೃದಯ ಒತ್ತಿ ಉಳಿಸಿಕೊಂಡ ಆ ಸರೋವರ. ಆಮೇಲೆ, ದಾಖಲೆಗೆಂದು ಅವರೇ ಮೊಬೈಲಿನಲ್ಲಿ ತೆಗೆದು ತುಂಬಿಸಿದ, ಕಳೆದುಹೋದ ಸಾಮಾನುಗಳ ಫೋಟೋಗಳು.

ಮೊದಲು ಸರೋವರ, ಮಂಜು, ದೋಣಿ, ಎರಡು ಕುರ್ಚಿ. ಅದು ಕರಗಿದಾಗ ಅಂಚಿಗೆ ನೆರಿಗೆ ಇದ್ದ ಒಂದು ಕೆಂಪು ಛತ್ರಿ. ಪಿಯಾನೋ ಸ್ವಲ್ಪ ಮೇಲೇರಿತು. ಎತ್ತರದ ಹಿಮ್ಮಡಿಯ ಹೆಂಗಸರ ಚಪ್ಪಲಿ, ಒಂದೇ. ಚಿಟ್ಟೆಯಾಕಾರದ ಕೂದಲ ಕ್ಲಿಪ್ಪು. ಅರ್ಧ ಮುಗಿದ ಲಿಪ್‌ಸ್ಟಿಕ್ಕು. ಮತ್ತೆ ಸರೋವರ, ಈ ಸಲ ಇನ್ನೂ ಹತ್ತಿರದಿಂದ. ಆಮೇಲೆ ಸಂಗೀತ ತೀರಾ ಮೃದುವಾಗಿ, ಪರದೆಯ ತುಂಬ ಮಗುವಿನ ಒಂದು ಪುಟ್ಟ ಕಾಲುಚೀಲ.

‘ಈ ನೆನಪನ್ನು ಪ್ರೀತಿಪಾತ್ರರೊಂದಿಗೆ ಹಂಚಿಕೊಳ್ಳಿ’ ಎಂದು ಬರೆದು ಸಿನಿಮಾ ಮುಗಿಯಿತು.

ಮ್ಯಾನೇಜರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. “ಎಷ್ಟು ಚೆನ್ನಾಗಿ ಬದುಕಿದ್ದೀರಿ ನೀವು,” ಎಂದರು.

“ಅವೆಲ್ಲ ಕಳೆದುಹೋದ ಸಾಮಾನು!” ಎಂದು ಛತ್ರಿ ಸಾರ್ ಕಿರುಚಿದರು.

“ಎಲ್ಲಿ ಕಳೆದವು? ಸರೋವರದಲ್ಲಾ?” ಎಂದರು ಭಾವ.

“ಬಸ್ಸಲ್ಲಿ! ಬೇಕಾದ್ರೆ ನೋಡಿ, ಇಲ್ಲೇ ಇವೆ!” ಎಂದು ಛತ್ರಿ ಸಾರ್ ಓಡಿ ಹೋಗಿ, ಕಪಾಟುಗಳನ್ನು ಜಾಲಾಡಿ, ಕೆಂಪು ಛತ್ರಿ, ಒಂಟಿ ಚಪ್ಪಲಿ, ಕ್ಲಿಪ್ಪು, ಕಾಲುಚೀಲ ಎಲ್ಲವನ್ನೂ ಒಂದೊಂದಾಗಿ ತಂದು ಹೆಂಡತಿಯ ಮುಂದೆ ಮೇಜಿನ ಮೇಲೆ ಜೋಡಿಸಿದರು. ತಾನು ನಿರಪರಾಧಿ ಎಂದು ಇಷ್ಟು ಸಮರ್ಥವಾಗಿ ಯಾರೂ ಸಾಬೀತು ಮಾಡಿರಲಾರರೆಂಬ ನಂಬಿಕೆಯಿಂದ ಬೆವರೊರೆಸಿಕೊಂಡು ನಿಂತರು.

“ಓಹೋ,” ಎಂದರು ಭಾವ ಮೆಲ್ಲಗೆ. “ಎಲ್ಲಾ ಇಲ್ಲೇ ಇಟ್ಕೊಂಡಿದ್ದೀರಿ.”

ಹೆಂಡತಿ ಕಾಲುಚೀಲವನ್ನು ಒಂದು ಕ್ಷಣ ಬೆರಳಲ್ಲಿ ಮುಟ್ಟಿ ನೋಡಿದಳು. ತಿರುಗಿ ಹೊರಗೆ ನಡೆದಳು.

ಆ ದಿನ ಮನೆಯಲ್ಲಿ ಪಾತ್ರೆಗಳೂ ಸದ್ದು ಮಾಡಲಿಲ್ಲ. ಅವಳು ಕೂಗಾಡಿದ್ದರೆ ಛತ್ರಿ ಸಾರ್‌ಗೆ ಸಮಾಧಾನವಾಗುತ್ತಿತ್ತು. ಅವಳು ಕಿಟಕಿಯ ಬಳಿ ಕೂತು ಹೊರಗೆ ನೋಡುತ್ತಿದ್ದಳು. ಹೊರಗಿದ್ದದ್ದು ಎದುರುಮನೆಯ ಗೋಡೆ. ಆದರೆ ಅವಳು ನೋಡುತ್ತಿದ್ದದ್ದು ಗೋಡೆಯನ್ನಲ್ಲ, ಅದರಾಚೆ ಬಹಳ ದೂರದಲ್ಲಿರುವ ಏನನ್ನೋ. ಕೊನೆಗೆ ತಿರುಗದೆಯೇ ಹೇಳಿದಳು.

“ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗಿ.”

“ಅಲ್ಲಿಗೆ ಅಂದ್ರೆ?”

“ನೀವು ಹೋದಲ್ಲಿಗೆ. ಯಾರ ಜೊತೆ ಹೋಗಿದ್ರಿ ಅಂತ ಇನ್ನು ಕೇಳಲ್ಲ. ನಾನೂ ಒಂದ್ಸಲ ನೋಡ್ಬೇಕು.”

ಛತ್ರಿ ಸಾರ್ ‘ಆಗಲಿ’ ಎಂದರು. ಹಿಂದೊಮ್ಮೆ ಇದೇ ಮಾತು ಅವರನ್ನು ಎಲ್ಲಿಗೆ ತಂದು ನಿಲ್ಲಿಸಿತ್ತೆಂದು ನೆನಪಾಗುವಷ್ಟರಲ್ಲಿ ಮಾತು ಬಾಯಿ ದಾಟಿತ್ತು.

ರಜೆ ಕೇಳಲು ಹೋದರೆ ಮ್ಯಾನೇಜರು ಕಾರಣವನ್ನೂ ಕೇಳದೆ ಸಹಿ ಹಾಕಿ, “ದಾರಿ ನೆನಪಾಯ್ತು ಅನ್ನಿ,” ಎಂದು ಅರ್ಥಗರ್ಭಿತವಾಗಿ ನಕ್ಕರು. ಛತ್ರಿ ಸಾರ್ ಅದನ್ನು ಗಮನಿಸಲಿಲ್ಲ. ಅವರು ಊರುಗಳ ಹೆಸರಿದ್ದ ಫಲಕಗಳ ಮುಂದೆ ಅಡ್ಡಾಡುತ್ತಿದ್ದರು. ಇಷ್ಟು ಬಸ್ಸುಗಳು ಇಷ್ಟು ಕಡೆಗೆ ಹೋಗುತ್ತವೆಂಬುದು ಆ ದಿನ ಮೊದಲ ಬಾರಿಗೆ ಅವರಿಗೆ ಹೊಳೆಯಿತು. ಎಲ್ಲ ಬಸ್ಸುಗಳೂ ಅವರಿಗೆ ಗೊತ್ತಿದ್ದದ್ದು ವಾಪಸ್ ಬಂದ ಮೇಲೆಯೇ.

ಕೊನೆಗೆ ಒಬ್ಬ ಚಾಲಕನ ಬಳಿ ನಿಂತರು. “ಈ ಬಸ್ಸು ಎಲ್ಲಿವರೆಗೆ ಹೋಗುತ್ತಪ್ಪಾ?”

“ಕೊನೇವರೆಗೆ.”

“ಅಲ್ಲಿ ನೀರಿದೆಯಾ?”

“ನಲ್ಲಿ ಇದೆ.”

“ಹಾಗಲ್ಲ, ನಿಂತ ನೀರು. ನೋಡೋ ಅಂಥದ್ದು.”

ಚಾಲಕ ಗಲ್ಲ ಕೆರೆದುಕೊಂಡ. “ಹಿಂದೆ ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿ ಒಂದಿದೆ ಸಾರ್. ನೀರು ನಿಂತಿದೆ. ಯಾರೂ ನೋಡಿದ್ದಂತೂ ಕಾಣೆ.”

ಮರುದಿನ ಗಂಡಹೆಂಡತಿ ಆ ಬಸ್ಸು ಹತ್ತಿದರು. ಹೆಂಡತಿ ಕಿಟಕಿ ಪಕ್ಕ ಕೂತಳು. ಊರು ಸವೆಯುತ್ತಾ ಹೋಯಿತು. ಅಂಗಡಿಗಳು ಮುಗಿದು ಗೋದಾಮುಗಳು, ಗೋದಾಮುಗಳು ಮುಗಿದು ಬಯಲು. ಗಾಳಿ ಅವಳ ಮುಂಗೂದಲನ್ನು ಎತ್ತಿ ಎತ್ತಿ ಇಡುತ್ತಿತ್ತು. ಅವಳು ಸಿಟ್ಟಾಗಿರುವುದನ್ನು ಮರೆತಳೋ, ನಿದ್ದೆ ಬಂತೋ, ತಲೆ ಗಂಡನ ಭುಜಕ್ಕೆ ಒರಗಿತು. ಛತ್ರಿ ಸಾರ್ ಅಲುಗಾಡದೆ ಕೂತರು. ರಸ್ತೆ ಪಕ್ಕದ ಮರಗಳ ನೆರಳು ಮತ್ತು ಬೆಳಕು ಸಾಲಾಗಿ ಹಾದು ಅವಳ ಮುಖದ ಮೇಲೆ ಹರಿದು ಹೋಗುತ್ತಿದ್ದವು. ಈ ರಸ್ತೆ ಮುಗಿಯದಿದ್ದರೆ ಚೆನ್ನಾಗಿತ್ತು ಎಂದುಕೊಂಡರು. ಭಯಕ್ಕೂ ಹಾಗನ್ನಿಸಿತು, ಸುಖಕ್ಕೂ ಹಾಗನ್ನಿಸಿತು.

ಆದರೆ ಮುಗಿಯಿತು. ಕೊನೆಯ ನಿಲ್ದಾಣದಲ್ಲಿ ಒಂದು ತಗಡಿನ ಸೂರು, ಒಂದು ನಲ್ಲಿ. ಮುಳ್ಳುಗಿಡಗಳ ನಡುವಿನ ಕಾಲುದಾರಿಯಲ್ಲಿ ನಡೆದು ಹೋದರೆ ಆ ಗುಂಡಿ. ಇಟ್ಟಿಗೆ ಗೂಡಿನ ಒಡೆದ ಹೊಗೆಗೊಳವೆಯೊಂದು ಪಕ್ಕದಲ್ಲಿ ವಾಲಿಕೊಂಡಿತ್ತು. ನೀರು ಕಂದು ಬಣ್ಣದ್ದು, ನಡುವೆ ಮಾತ್ರ ಒಂದು ತುಂಡು ಆಕಾಶ ಬಿದ್ದಿತ್ತು. ಜೊಂಡಿನ ಮೇಲೆ ಒಂದು ಕೆಂಪು ಏರೋಪ್ಲೇನ್ ಚಿಟ್ಟೆ ಕೂತು, ಎದ್ದು, ಮತ್ತೆ ಅಲ್ಲೇ ಕೂರುತ್ತಿತ್ತು. ಎಲ್ಲೋ ಒಂದು ಕಪ್ಪೆ ನೀರಿಗಿಳಿಯಿತು. ಉಂಗುರಗಳು ಎದ್ದು, ದೊಡ್ಡದಾಗಿ, ಆಕಾಶದ ತುಂಡನ್ನು ಅಲುಗಿಸಿ, ದಡಕ್ಕೆ ಬಂದು ಸುಮ್ಮನಾದವು.

ಹೆಂಡತಿ ಬಹಳ ಹೊತ್ತು ನೋಡಿದಳು. “ಇದೇನಾ?”

ಹೂಂ ಎನ್ನುವುದು ಸುಲಭವಿತ್ತು. ಛತ್ರಿ ಸಾರ್ ಬಾಯಿ ಅದಕ್ಕೆ ಅರ್ಧ ತೆರೆದೂ ಇತ್ತು.

“ಅಲ್ಲ ಕಣೆ. ಆ ಸರೋವರ ಎಲ್ಲಿದೆಯೋ ನಂಗೆ ಗೊತ್ತಿಲ್ಲ. ಮೆಷಿನ್ನು ತಾನಾಗೇ ತೋರಿಸ್ತು. ಪಾರ್ಸೆಲ್ ಮೇಡಂ ಮುಂದೆ ಸಣ್ಣವನಾಗೋಕೆ ಮನಸ್ಸಾಗ್ಲಿಲ್ಲ, ಹೋಗಿದ್ದೆ ಅಂದೆ. ನಾನು ಎಲ್ಲಿಗೂ ಹೋಗಿಲ್ಲ.”

ಅವಳು ಒಂದು ಕಲ್ಲಿನ ಮೇಲೆ ಕೂತು ಚಪ್ಪಲಿ ಬಿಟ್ಟಳು. “ನಿನ್ನೆ ಸಂಜೆ ಹೊತ್ತಿಗೆ ನಂಗೂ ಹಾಗೇ ಅನ್ನಿಸ್ತು. ಆ ಚಪ್ಪಲಿಗೂ ಛತ್ರಿಗೂ ಒಂದೇ ಹೆಂಗಸು ಹೇಗಿರೋಕೆ ಸಾಧ್ಯ? ಅಷ್ಟು ದೊಡ್ಡ ಚಪ್ಪಲಿಗೆ ಅಷ್ಟು ಸಣ್ಣ ಛತ್ರಿ.”

“ಮತ್ಯಾಕೆ ಬಂದೆ?”

“ನೀವು ಹೋಗಿದ್ದೀರಿ ಅಂತ ಅಂದ್ಕೊಂಡಾಗ ಹೊಟ್ಟೆ ಉರೀತು. ಹೋಗಿಲ್ಲ ಅಂತ ಹೊಳೆದಾಗ ಅದಕ್ಕಿಂತ ಬೇಜಾರಾಯ್ತು. ನಮ್ಮಿಬ್ಬರಲ್ಲಿ ಒಬ್ಬರಾದ್ರೂ ಎಲ್ಲಿಗಾದ್ರೂ ಹೋಗಿದ್ದಿದ್ರೆ ಚೆನ್ನಾಗಿತ್ತು ಅನ್ನಿಸ್ತು ರೀ.”

ಛತ್ರಿ ಸಾರ್ ಅವಳ ಪಕ್ಕದಲ್ಲಿ ಕೂತರು. ಕಲ್ಲು ಚಿಕ್ಕದು, ಹತ್ತಿರ ಸರಿಯಬೇಕಾಯಿತು. ಇಬ್ಬರೂ ಕಾಲು ನೀರಿಗಿಳಿಬಿಟ್ಟರು. ಕೆಸರು ಬೆಚ್ಚಗಿತ್ತು. ಮೋಡವೊಂದು ಗುಂಡಿಯ ಈ ತುದಿಯಿಂದ ಆ ತುದಿಗೆ ದಾಟಲು ತನ್ನಷ್ಟಕ್ಕೆ ಸಮಯ ತೆಗೆದುಕೊಂಡಿತು.

ಆಗ ಹಿಂದಿನ ಮುಳ್ಳುಗಿಡಗಳು ಅಲುಗಾಡಿದವು. ಮೊದಲು ಮಡಚುವ ಕುರ್ಚಿ ಹಿಡಿದ ಮ್ಯಾನೇಜರು ಕಂಡರು. ಅವರ ಹಿಂದೆ ದೊಡ್ಡ ಟೋಪಿ ಹಾಕಿದ ಪಾರ್ಸೆಲ್ ಮೇಡಂ. ಕೊನೆಯಲ್ಲಿ, ತಪ್ಪಿಸಿಕೊಳ್ಳುವವರಿದ್ದರೆ ಹಿಡಿಯಲು ತಯಾರಾಗಿ, ಭಾವ. ಮೂವರೂ ಮುಂದಿನ ಬಸ್ಸಿನಲ್ಲಿ ಬೆನ್ನು ಹತ್ತಿ ಬಂದಿದ್ದರು.

“ವಿಳಾಸ ಕೊಡದಿದ್ರೆ ಬಿಡ್ತೀವಾ?” ಎಂದರು ಮ್ಯಾನೇಜರು ಏದುಸಿರು ಬಿಡುತ್ತಾ. ಆಮೇಲೆ ನೀರು ನೋಡಿದರು. ಹೊಗೆಗೊಳವೆ ನೋಡಿದರು. ಮತ್ತೆ ನೀರು ನೋಡಿದರು. ಅವರ ಮುಖದ ಮೇಲೆ ಒಂದು ಸಂಶಯ ಮೂಡತೊಡಗಿತು.

“ಇದೇನಾ ಆ ಜಾಗ?” ಎಂದರು ಪಾರ್ಸೆಲ್ ಮೇಡಂ.

ಛತ್ರಿ ಸಾರ್ ಗಂಟಲು ಸರಿಮಾಡಿಕೊಂಡರು. ಒಂದು ಸಲ ನಿಜ ಹೇಳಿದ ಬಾಯಿ, ಇನ್ನೊಮ್ಮೆ ಹೇಳಲು ತಯಾರಾಗುತ್ತಿತ್ತು. ಅಷ್ಟರಲ್ಲಿ ಪಕ್ಕದಿಂದ ಉತ್ತರ ಬಂತು.

“ಹೂಂ, ಇದೇ,” ಎಂದಳು ಹೆಂಡತಿ, ಕಾಲು ನೀರಿನಿಂದ ತೆಗೆಯದೆ. “ನಾವು ಆಗಾಗ ಬರ್ತಿರ್ತೀವಿ.”

ಛತ್ರಿ ಸಾರ್ ತಿರುಗಿ ಅವಳನ್ನು ನೋಡಿದರು.

“ನೀಲಿ ದೋಣಿ ಎಲ್ಲಿ ಮತ್ತೆ?” ಎಂದರು ಭಾವ, ಕಣ್ಣು ಕಿರಿದು ಮಾಡಿ.

“ಬಣ್ಣ ಹೊಡೆಯೋಕೆ ತಗೊಂಡು ಹೋಗಿದ್ದಾರೆ ಅಣ್ಣ.”

“ಮಂಜು?”

“ನೀವು ಹೊತ್ತು ಮಾಡಿ ಬಂದ್ರೆ ಅದು ಕಾಯ್ಕೊಂಡಿರುತ್ತಾ?”

ಭಾವ ಜನ್ಮದಲ್ಲಿ ಮೊದಲ ಬಾರಿಗೆ, ಟಿಕೆಟ್ ಇದ್ದವರ ಎದುರು ನಿಂತಂತೆ, ಒಂದು ಹೆಜ್ಜೆ ಹಿಂದೆ ಸರಿದರು. ಮ್ಯಾನೇಜರು ಕುರ್ಚಿ ಬಿಡಿಸಿ ಕೂತರು. ಸ್ವಲ್ಪ ಹೊತ್ತಿಗೆ ಅವರ ಭುಜಗಳು ಇಳಿದವು, ಹುಬ್ಬು ಸಡಿಲವಾಯಿತು. “ಹೌದಲ್ರೀ,” ಎಂದರು ಪಿಸುದನಿಯಲ್ಲಿ. “ಏರುತ್ತೆ, ಇಳಿಯುತ್ತೆ.” ಪಾರ್ಸೆಲ್ ಮೇಡಂ ಮೊಬೈಲ್ ತೆಗೆದು ಗುಂಡಿಗೆ ಅಡ್ಡಲಾಗಿ ನಿಂತರು. ಹೊಗೆಗೊಳವೆ ಅವರ ಟೋಪಿಯ ಹಿಂದೆ ಮರೆಯಾಯಿತು. ಫೋಟೋ ನಿಜಕ್ಕೂ ಬಹಳ ಚೆನ್ನಾಗಿ ಬಂತು.

“ಇದೇನು ಮಹಾ,” ಎಂದಳು ಹೆಂಡತಿ. ಅವಳ ದನಿಯಲ್ಲಿ ಎಲ್ಲವನ್ನೂ ಕಂಡುಬಂದವರ ಒಂದು ಬಗೆಯ ಉದಾಸೀನ ಬಂದಿತ್ತು. “ಆ ಕಡೆ ದಡ ನೋಡ್ಬೇಕು ನೀವು. ಅಲ್ಲಿಂದ ಇದು ಬೇರೇನೇ ಕಾಣುತ್ತೆ. ದಾರಿ ಇವರಿಗೆ ಗೊತ್ತು.”

ಎಲ್ಲರೂ ಛತ್ರಿ ಸಾರ್ ಕಡೆ ತಿರುಗಿದರು. ಛತ್ರಿ ಸಾರ್ ಹೆಂಡತಿಯ ಕಡೆ ನೋಡಿದರು. ಅವಳು ನಗುತ್ತಿರಲಿಲ್ಲ, ಆದರೆ ಕಣ್ಣು ಮಿನುಗುತ್ತಿತ್ತು. ಅವರು ಎದ್ದರು. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡರು. ಎದುರಿಗಿದ್ದದ್ದು ಆಳೆತ್ತರದ ಜೊಂಡು, ಅದರೊಳಗೆ ದಾರಿ ಇದೆಯೋ ಇಲ್ಲವೋ ಆ ಕಪ್ಪೆಗೇ ಗೊತ್ತಿರಬೇಕು.

“ಬನ್ನಿ, ಹೀಗೆ,” ಎಂದು ಹೇಳಿ, ಹೆಂಡತಿಯ ಕೈ ಹಿಡಿದು ಅವರು ಜೊಂಡಿನೊಳಗೆ ನಡೆದರು.